ಪಾಸ್ ಅಪ್ ಮಾಡಬೇಡ!

ಹಿಗ್ಬಿ ಸಾಹೇಬರು ಒಂದು ಪುಟ್ಟ ಚೀಟಿ ಬರೆದು ರುಸ್ಲಾನನ ನೆಮ್ಮದಿಗೆ ಕೊಳ್ಳಿ ಇಟ್ಟರು.

"ಪೆನಾಂಗ್ ಶಾಖೆಗೆ ಮುಖ್ಯಸ್ಥ ಬೇಕು. ಅರ್ಜಿ ಜೊತೆಗಿದೆ. ಡೋಂಟ್ ಪಾಸ್ ಇಟ್ ಅಪ್!"

ರುಸ್ಲಾನ್ ಮಲೇಷ್ಯಾದ ಇಪೋ ಊರಿನ ಬಿಸ್ಕತ್ತು ಕಂಪನಿಯಲ್ಲಿ ಗುಮಾಸ್ತ. ಹೆಂಡತಿ ಸುರಾಯಾ ಪೆನಾಂಗಿನಲ್ಲಿ ಟೀಚರು. ತಿಂಗಳಿಗೆರಡು ಸಲ ಮನೆ ಸೇರಿದರೆ ಮೂರು ವರ್ಷದ ಮಗಳು ಬಾಗಿಲಲ್ಲೇ, "ಅಮ್ಮಾ, ಯಾರೋ ಮಾಮ ಬಂದ್ರು" ಎಂದು ಕೂಗುತ್ತಾಳೆ. ಆ ಹುದ್ದೆ ಅವನಿಗೆ ಬೇಕೇ ಬೇಕಿತ್ತು. ಆದರೆ ಚೀಟಿ ಓದಿ ಮುಖ ಬಾಡಿದ ಬದನೆಕಾಯಿಯಾಯಿತು.

ಆಗದೆ ಏನು? ಇಪೋದ ಯಾವ ಶಾಲೆಗೆ ಹೋದರೂ ಮೇಷ್ಟ್ರು ಗಂಟಲು ಹರಿದುಕೊಳ್ಳುವುದು ಒಂದೇ: "ಹೋಂವರ್ಕ್ ಪಾಸ್ ಅಪ್ ಮಾಡ್ರೋ!" ಅಂದರೆ, ತಂದು ಒಪ್ಪಿಸಿ. ಸಾಹೇಬರು ಇಂಗ್ಲೆಂಡಿನಿಂದ ಬಂದು ಇನ್ನೂ ಮೂರು ವಾರ. ಅಷ್ಟರಲ್ಲೇ ಅರ್ಜಿ ಕೊಟ್ಟು, ಒಪ್ಪಿಸಬೇಡ ಅನ್ನುವುದೇ?

"ಮೊನ್ನೆ ಅವರ ಟೀಗೆ ಡಬ್ಬಿ ಹಾಲು ಸುರಿದ್ಯಲ್ಲ, ಅದೇ ಸಿಟ್ಟು," ಎಂದರು ಪಕ್ಕದ ಮೇಜಿನ ನೊರ್ಮಾ ಅಕ್ಕ, ಚೀಟಿ ಕಸಿದು ಓದಿ.

"ಸಿಟ್ಟಿದ್ರೆ ಅರ್ಜಿ ಯಾಕಕ್ಕಾ ಕೊಡ್ತಾರೆ?"

"ಎಲೆ ಹಾಕಿ ಏಳಿಸೋದು ಕಣೋ! ದೊಡ್ಡ ಅವಮಾನ ಅದು."

ರುಸ್ಲಾನ್ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಊಟದ ಡಬ್ಬಿಯಡಿ ತುರುಕಿದ. ಮಧ್ಯಾಹ್ನ ಕೋಳಿ ಅನ್ನದ ಎಣ್ಣೆ ಅದರ ಮೇಲೆ ಸೋರಿತು.

ನಾಲ್ಕೂವರೆಗೆ, ಚೀಟಿಯ ಸುದ್ದಿ ಕೇಳಿದ ಉಗ್ರಾಣದ ಬಾಲನ್ ಅಂಕಲ್ ದಪ್ಪ ನಿಘಂಟು ಹೊತ್ತು ಓಡಿಬಂದರು. "ಲೋ ಪೆದ್ದೇ! ಅವರ ಇಂಗ್ಲಿಷಲ್ಲಿ ಪಾಸ್ ಅಪ್ ಅಂದ್ರೆ ಕೈಬಿಡೋದು. ಅವಕಾಶ ಕೈಬಿಡಬೇಡ ಅಂದಿದಾರೆ ಕಣೋ! ಒಂದೇ ಅರ್ಜಿ ಹೋದ್ರೆ ಚೆನ್ನಾಗಿರಲ್ಲ ಅಂತ ನಾನೂ ಸಾಹೇಬ್ರಿಗೆ ಹೇಳಿ ಒಂದು ಹಾಕಿದೀನಿ, ಸುಮ್ನೆ."

ಕ್ವಾಲಾಲಂಪುರದ ಮುಖ್ಯ ಕಚೇರಿಗೆ ಹೋಗುವ ಅಂಚೆ ಚೀಲದ ಬಾಯಿ ಕಟ್ಟುತ್ತಿದ್ದರು. ರುಸ್ಲಾನ್ ಎಣ್ಣೆ ಮೆತ್ತಿದ ಅರ್ಜಿಯನ್ನು ಗೀಚಿ ತುಂಬಿ, ಓಡಿ ಹೋಗಿ ಚೀಲಕ್ಕೆ ತುರುಕಿದ. ತಿರುಗಿದರೆ, ಆಗತಾನೆ ಕೋಣೆಯಿಂದ ಹೊರಬಂದ ಹಿಗ್ಬಿ ಸಾಹೇಬರು! ಐದಕ್ಕೆ ಅವರು ಮುಖ್ಯ ಕಚೇರಿಯ ದೊಡ್ಡ ಸಾಹೇಬರಿಗೆ ಫೋನಿನಲ್ಲಿ ಒಂದು ಹೆಸರು ಹೇಳಬೇಕು; ಅಲ್ಲಿ ಒಮ್ಮೆ ಬರೆದ ಹೆಸರು ಅಳಿಸಿದ್ದೇ ಇಲ್ಲ.

"ರುಸ್ಲಾನ್, ಡಿಡ್ ಯು ಪಾಸ್ ಇಟ್ ಅಪ್?"

ಈಗ ಅವನಿಗೆ ಯಾರ ಹೆದರಿಕೆ? ಎದೆ ಸೆಟೆಸಿ ಕೂಗಿದ: "ನೋ ಸರ್! ನೆವರ್!"

"ಓ... ಸರಿ, ನಿಮ್ಮಿಷ್ಟ," ಎಂದು ಸಾಹೇಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಸಂತೋಷಕ್ಕೆ ಮಾತೇ ಬರ್ಲಿಲ್ಲ ಅವರಿಗೆ," ಎಂದು ಹಿಗ್ಗಿದ ರುಸ್ಲಾನ್ ಎಲ್ಲರಿಗೂ ಕಾಪಿ ತರಿಸಿದ.

"ನಂಗೂ ಥ್ಯಾಂಕ್ಸ್ ಹೇಳೋ," ಎಂದರು ನೊರ್ಮಾ ಅಕ್ಕ. "ನಿನ್ನ ಗೋಳು ನೋಡಕ್ಕಾಗ್ದೆ, ನೀನು ಅರ್ಜಿ ತುಂಬ್ತಿದ್ದಾಗ ಸಾಹೇಬ್ರ ರೂಮಿಗೇ ನುಗ್ಗಿದೆ. 'ನಮ್ಮೂರಲ್ಲಿ ಪಾಸ್ ಅಪ್ ಅಂದ್ರೆ ಒಪ್ಪಿಸೋದು, ತಿಳ್ಕೊಂಡು ಮಾತಾಡಿ ಸರ್' ಅಂದೆ. ಪಾಪ, ನಾಲಿಗೆ ಕಚ್ಕೊಂಡು ಪುಸ್ತಕದಲ್ಲಿ ಬರ್ಕೊಂಡ್ರು. ಇನ್ಮೇಲೆ ನಿಮ್ಮ ಥರಾನೇ ಕೇಳ್ತೀನಿ ಅಂದ್ರು."

ಹಾಗಾದರೆ ಸಾಹೇಬರು ಕೇಳಿದ್ದು, ಒಪ್ಪಿಸಿದೆಯಾ ಅಂತ! ರುಸ್ಲಾನ್ ಲೋಟ ಕುಕ್ಕಿ ಎದ್ದ.

ಬಾಗಿಲು ತೆರೆಯಿತು. "ಕಂಗ್ರಾಚುಲೇಷನ್ಸ್, ಮಿಸ್ಟರ್ ಬಾಲನ್! ಪೆನಾಂಗಿಗೆ ದೊಡ್ಡ ಸಾಹೇಬರು ನಿಮ್ಮ ಹೆಸರು ಬರೆದುಕೊಂಡರು."

"ಅಯ್ಯಯ್ಯೋ, ನನ್ನ ಹೆಂಡ್ತಿ ಮಕ್ಕಳೆಲ್ಲ ಇಲ್ಲೇ ಇದಾರಲ್ಲ ಸರ್!" ಬಾಲನ್ ಅಂಕಲ್ ನಿಘಂಟಿನ ಮೇಲೇ ಕುಸಿದು ಕೂತರು.

ಸಾಹೇಬರು ರುಸ್ಲಾನನ ಭುಜ ತಟ್ಟಿದರು. "ಮುಂದಿನ ಸಲ ತಪ್ಪದೆ ಪಾಸ್ ಅಪ್ ಮಾಡಿ."

ಯಾವ ಪಾಸ್ ಅಪ್ ಎಂದು ಕೇಳುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಪೆನಾಂಗಿನ ಮನೆಗೆ ಫೋನು ಮಾಡಿದ. ಎತ್ತಿದ್ದು ಮಗಳು. ಅವನ ದನಿ ಕೇಳಿ ಒಳಗೆ ಕೂಗಿದಳು:

"ಅಮ್ಮಾ, ಆ ಮಾಮಂದು ಫೋನು!"