ಜೇನು ತಿದ್ದಿದ ಮುಖ

ನನ್ನ ಮುಖದ ಬಗ್ಗೆ ನನಗೆ ಎಂದೂ ಅಭಿಮಾನ ಇದ್ದದ್ದಿಲ್ಲ. ಹೆಣ್ಣು ನೋಡಲು ಹೋದ ದಿನವೇ ಮಾವನವರು ವರನೆಂದು ತಿಳಿದು ನನ್ನ ತಮ್ಮನನ್ನು ಉಪಚರಿಸಿದ್ದರು. ಆದರೂ ಅದು ನನ್ನದೇ ಮುಖ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ, ನಾನು ಜೇನು ಸಾಕಣೆ ಕಲಿಯಲು ಹೊರಡುವವರೆಗೆ.

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ನಾನು ಲೆಕ್ಕಪತ್ರ ನೋಡುವವನು. ದಿನವಿಡೀ ಕಂಪ್ಯೂಟರ್ ನೋಡಿ ನೋಡಿ ಬೇಸರ ಬಂದು, ಆನೇಕಲ್ ಕಡೆಯ ತೋಟದಲ್ಲಿ ಜೇನು ಸಾಕುವವರ ಬಳಗವೊಂದು ನಡೆಸುವ ಭಾನುವಾರದ ತರಗತಿಗೆ ಸೇರಿದೆ. ಕಲಿಸುವವರು ವಸಂತಾ ಮೇಡಂ. ಮೊದಲ ಪಾಠ ಜೇನುಪೆಟ್ಟಿಗೆಯ ಬಾಗಿಲು ಕಾಯುವ ಹುಳಗಳದ್ದು. "ಇವು ವಾಸನೆ ನೋಡಿನೇ ಒಳಗೆ ಬಿಡೋದು ಕಣ್ರೀ. ಬೇರೆ ಪೆಟ್ಟಿಗೆದು ಬಂದ್ರೆ ಓಡಿಸ್ಬಿಡ್ತವೆ. ಆದ್ರೆ ಅದು ಹೊಟ್ಟೆ ತುಂಬ ಮಕರಂದ ತುಂಬ್ಕೊಂಡು ಬಂತೂಂದ್ರೆ, ಬಾ ತಾಯಿ ಅಂತ ಬಿಟ್ಕೊಂತವೆ" ಅಂದರು. ಎಂಥ ಲೋಕಜ್ಞಾನ ಎಂದು ಬೆರಗಾಗಿ ಬಗ್ಗಿ ನೋಡಿದೆ. ಮುಖಕ್ಕೆ ಹಾಕಿದ್ದ ಪರದೆಯೊಳಗೆ ಕನ್ನಡಕ ಮಂಜಾಯಿತು. ಒರೆಸಿಕೊಳ್ಳೋಣವೆಂದು ಪರದೆ ಎತ್ತಿದೆ. ಒಂದು ಹುಳ ಎಡಗಣ್ಣಿನ ರೆಪ್ಪೆಗೆ ಕುಟುಕಿತು, ಇನ್ನೊಂದು ಎಡಗೆನ್ನೆಗೆ. "ಪರದೆ ಎತ್ಬಾರ್ದು ಅಂತ ಇವತ್ತಿನವರೆಗೆ ಯಾರಿಗೂ ಬಾಯಿಬಿಟ್ಟು ಹೇಳ್ಬೇಕಾಗಿ ಬಂದಿರ್ಲಿಲ್ಲ" ಎಂದರು ಮೇಡಂ, ಮುಳ್ಳು ಕೀಳುತ್ತ.

ಸೋಮವಾರ ಆಫೀಸಿನ ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರದ ಮುಂದೆ ನಿಂತೆ. 'ಅಪರಿಚಿತ ವ್ಯಕ್ತಿ' ಎಂದು ಕೆಂಪಕ್ಷರ ಬಂತು. ಸೆಕ್ಯೂರಿಟಿಯ ನಂಜುಂಡಪ್ಪ ಹತ್ತಿರ ಬಂದ. "ಅಯ್ಯೋ ಸಾರ್, ಮುಖ ಇದೇನ್ ಇಂಗಾಗದೆ! ನೀವೇ ಅಂತ ನಂಗೊತ್ತು. ಅದ್ಕೆ ಗೊತ್ತಾಗ್ಬೇಕಲ್ಲ." ಹಾಜರಿ ಬೀಳದಿದ್ದರೆ ಒಂದು ದಿನದ ರಜೆ ಕತ್ತರಿ. ನನಗೆ ಉಳಿದಿದ್ದದ್ದು ಒಂದೇ ರಜೆ. ಶುಕ್ರವಾರ ತೋಟದಲ್ಲಿ ಜೇನು ತೆಗೆಯುವುದನ್ನು ನೋಡಲೆಂದು ಜೋಪಾನ ಮಾಡಿಟ್ಟದ್ದು. ಪುಣ್ಯಕ್ಕೆ ಎಚ್‌ಆರ್‌ನ ಶ್ವೇತಾ ಕೆಳಗಿಳಿದು ಬಂದು, ಊದಿದ ಮುಖದ್ದೇ ಹೊಸ ಫೋಟೊ ತೆಗೆದು ಯಂತ್ರಕ್ಕೆ ಹಾಕಿದಳು. "ಹಳೇದು ತೆಗೆದ್ಬಿಟ್ಟಿದ್ದೀನಿ ಸಾರ್. ಇನ್ಮೇಲೆ ಪ್ರಾಬ್ಲಮ್ಮೇ ಇಲ್ಲ." ಮನೆಯಲ್ಲಿ ಆ ಫೋಟೊ ನೋಡಿದ ನನ್ನಾಕೆ, "ಇದ್ರಲ್ಲಿ ಒಂಚೂರು ಕಳೆ ಇದೆ ಕಣ್ರೀ" ಎಂದಳು.

ಗುರುವಾರಕ್ಕೆ ಊತ ಇಳಿಯಿತು. ಯಂತ್ರ ಮತ್ತೆ ಅಪರಿಚಿತ ಎಂದಿತು. ಶ್ವೇತಾಗೆ ಫೋನು ಮಾಡಿದರೆ, "ವರ್ಷಕ್ಕೆ ಒಂದೇ ಸಲ ಸಾರ್ ಮುಖ ಚೇಂಜ್ ಮಾಡೋಕೆ ಆಗೋದು" ಎಂದಳು. ಬೆಳಗಾದರೆ ಜೇನು ತೆಗೆಯುವ ದಿನ. ಆಗ ನೆನಪಾದದ್ದು ವಸಂತಾ ಮೇಡಂ ಪಾಠ: ತುಂಬಿಕೊಂಡು ಬಂದವರನ್ನು ಯಾರೂ ತಡೆಯುವುದಿಲ್ಲ. ನಂಜುಂಡಪ್ಪನ ಡಬ್ಬಿಯಲ್ಲಿ ಏಲಕ್ಕಿ ಬಾಳೆಹಣ್ಣಿತ್ತು. ಅದನ್ನು ಎಡಗೆನ್ನೆಗೆ ತುರುಕಿ, ಎಡಗಣ್ಣು ಮುಚ್ಚಿ ನಿಂತೆ. ಹಸಿರು ದೀಪ ಹತ್ತಿ ನನ್ನ ಹೆಸರು ಮೂಡಿತು. ರಜೆ ಉಳಿಯಿತು. ಶುಕ್ರವಾರ ತೋಟಕ್ಕೂ ಹೋದೆ. ಈ ಸಲ ಪರದೆ ಎತ್ತುವ ಪ್ರಮೇಯವೇ ಬರಬಾರದೆಂದು ಕನ್ನಡಕ ಮನೆಯಲ್ಲೇ ಬಿಟ್ಟಿದ್ದೆ. ಹಾಗಾಗಿ ಏನೂ ಕಾಣಿಸಲಿಲ್ಲ.

ಅಂದಿನಿಂದ ದಿನಾ ಒಂದು ಬಾಳೆಹಣ್ಣಿನ ಬಲದಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ನಿನ್ನೆ ಅವಸರದಲ್ಲಿ ಹಣ್ಣು ಮರೆತು ಬರೀ ನನ್ನ ಮುಖ ಹೊತ್ತು ಗೇಟಿಗೆ ಹೋದೆ. ಯಂತ್ರದ ಹತ್ತಿರ ಹೋಗುವ ಮೊದಲೇ ನಂಜುಂಡಪ್ಪ ಕೈ ಅಡ್ಡ ಹಿಡಿದು ಕೇಳಿದ: "ಯಾರು ಬೇಕಾಗಿತ್ತು ಸಾರ್?"