ಭಟ್ರ ಟೆರೇಸಿನ ಓಝೋನ್

ಗಾಳಿ ಅಳೆಯುವವನಿಗೆ ಗಾಳಿಯಿಂದ ಆಗುವ ತೊಂದರೆ ಕಡಿಮೆ, ಆಗುವುದೆಲ್ಲ ಮನುಷ್ಯರಿಂದ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಕಾವೂರಿನಲ್ಲಿ ದೇವಸ್ಥಾನದ ಅರ್ಚಕರಾದ ಭಟ್ರ ಟೆರೇಸಿನ ಮೇಲೆ ನಮ್ಮ ಓಝೋನ್ ಯಂತ್ರ ಇದೆ. ವಾಹನದ ಹೊಗೆಗೆ ಬಿಸಿಲು ತಾಗಿ ನೆಲದ ಮಟ್ಟದಲ್ಲಿ ಹುಟ್ಟುವ ಓಝೋನ್ ಎದೆಗೆ ಕೆಟ್ಟದ್ದು. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಅಳೆದರೆ ಮಾತ್ರ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ನಮ್ಮದು ಹತ್ತು ವರ್ಷ ತುಂಬಲು ಒಂದೇ ವರ್ಷ ಬಾಕಿ ಇತ್ತು.

ಹಪ್ಪಳ

ಬಿಸಿಲು ಹೆಚ್ಚಾದರೆ ಓಝೋನ್ ಹೆಚ್ಚು ಎಂದು ಭಟ್ರ ಹೆಂಡತಿಗೆ ಒಮ್ಮೆ ಹೇಳಿದ್ದೇ ತಪ್ಪಾಯಿತು. ಹಲಸಿನ ಕಾಲ ಬಂತೆಂದರೆ ಬೆಳಿಗ್ಗೆಯೇ ಫೋನ್: "ಮಾಷ್ಟ್ರೆ, ಇವತ್ತು ಓಝೋನ್ ಹೇಗುಂಟು? ಹಪ್ಪಳ ಒಣಗ್ಲಿಕ್ಕೆ ಹಾಕ್ಬಹುದಾ?"

ಒಂದು ದಿನ ನಾನು ಸಪ್ಪೆ ಮುಖ ಮಾಡಿ, "ಅಕ್ಕ, ಬೇಸಿಗೆಯ ಓಝೋನ್ ವರ್ಷದಿಂದ ವರ್ಷಕ್ಕೆ ಏರ್ತಾ ಉಂಟು" ಎಂದೆ.

"ಅದಕ್ಕೆ ಬೇಸರ ಎಂತಕ್ಕೆ? ಬರುವ ವರ್ಷ ಇನ್ನೂ ನೂರು ಹಪ್ಪಳ ಹೆಚ್ಚು ಹಾಕುವ!"

ಲಾರಿ

ಭಟ್ರ ಎದುರು ಮನೆಯವರು ಪಣಂಬೂರು ಬಂದರಿಗೆ ಲಾರಿ ಓಡಿಸುವವರು. ಅವರ ಲಾರಿ ಗೋಡೆ ಪಕ್ಕ ಸ್ಟಾರ್ಟಿನಲ್ಲಿ ನಿಂತರೆ ನಮ್ಮ ಯಂತ್ರದಲ್ಲಿ ಓಝೋನ್ ಇಳಿಯುತ್ತದೆ. ತಾಜಾ ಹೊಗೆ ಅಲ್ಲಿರುವ ಓಝೋನನ್ನು ತಿಂದುಬಿಡುತ್ತದೆ, ಅಷ್ಟೇ, ಗಾಳಿ ಶುದ್ಧವಾಯಿತೆಂದಲ್ಲ. ಇದನ್ನು ಅವರಿಗೆ ವಿವರಿಸಿದ್ದೂ ನಾನೇ. ನನ್ನ ಬಾಯಿ ಸುಮ್ಮನಿರುವುದಿಲ್ಲ.

ಹಿರಿಯ ವಿಜ್ಞಾನಿಯೊಬ್ಬರು ಯಂತ್ರ ನೋಡಲು ಬಂದ ದಿನ ಕೆಳಗೆ ಲಾರಿ ಒಂದು ಗಂಟೆ ಗುರುಗುಟ್ಟಿತು. ಅವರು ಕೆಮ್ಮುತ್ತಲೇ ಇಳಿದು ಹೋದರು. ನಾನು ಎದುರು ಮನೆಗೆ ಓಡಿ ಹೋಗಿ, "ಎಂತ ಮಾರಾಯ್ರೆ ಇದು?" ಎಂದೆ.

"ಸುಮ್ಮನಿರಿ ಮಾಷ್ಟ್ರೆ! ನಂಬರ್ ಇಳಿಸಿ ಊರಿನ ಮರ್ಯಾದೆ ಉಳಿಸಿದೆ."

ಶೀಟು

ಮಳೆಗೆ ಮೊದಲು ಟೆರೇಸಿಗೆ ಶೀಟು ಹಾಕಿಸುತ್ತೇನೆ, ಯಂತ್ರ ಬೇರೆ ಕಡೆ ಇಡಿ ಎಂದರು ಭಟ್ರು. ಜಾಗ ಬದಲಾದರೆ ಇಷ್ಟು ವರ್ಷದ ದಾಖಲೆ ಅಲ್ಲಿಗೇ ತುಂಡು. ಕೈ ಮುಗಿದೆ, ಗ್ರಾಫ್ ತೋರಿಸಿದೆ, ಒಂದೂ ನಾಟಲಿಲ್ಲ. ಆಗ ಅಕ್ಕ ಅಡುಗೆಮನೆಯಿಂದಲೇ ಕೇಳಿದರು: "ಇಷ್ಟು ವರ್ಷ ಒಂದೇ ಕಡೆ ಕೂತದ್ದು. ಜೋಯಿಸರಲ್ಲಿ ಪ್ರಶ್ನೆ ಇಡದೆ ಪ್ರತಿಷ್ಠೆ ಆದದ್ದನ್ನು ಅಲ್ಲಾಡಿಸ್ಲಿಕ್ಕೆ ಉಂಟಾ?"

ಮುಂದಿನ ವಾರ ಹೋದಾಗ ಶೀಟು ಬಂದಿತ್ತು, ಆದರೆ ಯಂತ್ರದ ಸುತ್ತ ದೊಡ್ಡ ಚೌಕ ಬಿಟ್ಟು. ಯಂತ್ರ ಆಕಾಶ ನೋಡುತ್ತಾ ಹಾಯಾಗಿ ಕೂತಿತ್ತು. ಖುಷಿಗೆ ನನ್ನ ಕಣ್ಣು ತುಂಬಿತು.

ಆದರೆ ಕಂಪ್ಯೂಟರ್ ತೆರೆದರೆ ಮೂರು ದಿನದ ಓಝೋನ್ ಗೆರೆ ನೆಲ ಕಚ್ಚಿದೆ! ಹುಡುಕಿದಾಗ ಗಾಳಿ ಎಳೆಯುವ ಕೊಳವೆಯ ಬಾಯಿಗೆ ಕೆಂಪು ದಾಸವಾಳ ಸಿಕ್ಕಿಸಿತ್ತು, ಪಕ್ಕದಲ್ಲಿ ಕುಂಕುಮ. ಮೂರು ದಿನ ಹೋದರೆ ಹೋಗಲಿ, ಜಾಗ ಉಳಿಯಿತಲ್ಲ ಎಂದುಕೊಂಡು ಹೂ ತೆಗೆದೆ. ಇನ್ನು ಹೀಗೆ ಮಾಡದಿರಲೆಂದು ಭಟ್ರನ್ನು ಕರೆದು ಆ ಗೆರೆ ತೋರಿಸಿದೆ.

ಭಟ್ರು ಕನ್ನಡಕ ಹಾಕಿ ನೋಡಿದರು. ಯಂತ್ರಕ್ಕೆ ಕೈ ಮುಗಿದು ನನ್ನ ಕಡೆ ತಿರುಗಿದರು.

"ನೋಡಿ ಮಾಷ್ಟ್ರೆ, ನೀವು ಇಷ್ಟು ವರ್ಷ ಬರೀ ಅಳೆದದ್ದು. ನಾನು ಮೂರೇ ದಿನ ಹೂ ಇಟ್ಟದ್ದು; ಹೇಗೆ ಇಳಿಯಿತು!"