ಇಡ್ಲಿಯೊಳಗಿನ ತೌಡು

ಗಲ್ಫಿನಲ್ಲಿ ಒಬ್ಬನಿಗೆ ಶುಗರ್ ಬಂದರೆ ಆಸ್ಪತ್ರೆಯವರು ಗುಳಿಗೆ ಕೊಡುತ್ತಾರೆ, ಉಳಿದವರೆಲ್ಲ ಸಲಹೆ ಕೊಡುತ್ತಾರೆ. ಗುಳಿಗೆಯಿಂದ ನನಗೆ ಇದುವರೆಗೆ ಏನೂ ತೊಂದರೆಯಾಗಿಲ್ಲ.

೧

ಗುಫೂಲ್‌ನ ನಮ್ಮ ಫ್ಲಾಟಿಗೆ ಒಂದು ಶುಕ್ರವಾರ ಗೋಧಿ ತೌಡು ಬಂತು. ಪ್ಯಾಕೆಟ್ ಮೇಲೆ ಯೋಗ ಮಾಡುವ ಹೆಂಗಸಿನ ಚಿತ್ರ. ಹಿಟ್ಟು ಬೆಳ್ಳಗಾಗಲೆಂದು ಗಿರಣಿಯವರು ತೆಗೆದುಹಾಕಿದ್ದನ್ನು ಹೆಂಡತಿ ಬೇರೆಯಾಗಿ ಕೊಂಡು ತಂದು ಇಡ್ಲಿಗೆ ಬೆರೆಸಿದಳು. ಕಬ್ಬಿಣ, ವಿಟಮಿನ್, ನಾರು ಎಲ್ಲ ಅದರಲ್ಲೇ ಇರುವುದಂತೆ.

“ನಮ್ಮೂರಲ್ಲಿ ಇದನ್ನು ದನಕ್ಕೆ ಹಾಕ್ತಾರೆ,” ಎಂದೆ.

“ಹೌದಲ್ಲ? ಯಾವ ದನಕ್ಕಾದ್ರೂ ಶುಗರ್ ಬಂದದ್ದು ಕೇಳಿದ್ದೀರಾ?”

೨

ಬಿಳಿ ಇಡ್ಲಿಯನ್ನು ಮರಳಿ ಪಡೆಯುವುದೇ ಅಂದಿನಿಂದ ನನ್ನ ಜೀವನದ ಗುರಿಯಾಯಿತು. ಅವಳ ಗುರಿ ಬೇರೆ ಇತ್ತು. ಪ್ಯಾಕೆಟ್ ಸಾಲದೆಂದು ಚೀಲವನ್ನೇ ತರಲು ನನ್ನನ್ನು ಸೆಗಯಾದ ಅಂಗಡಿಗೆ ಅಟ್ಟಿದಳು. ಅಂಗಡಿ ಒಬ್ಬ ಬ್ಯಾರಿ ಕಾಕನದು.

“ಚೀಲವಾ? ಆಡು ಎಷ್ಟುಂಟು?”

“ಆಡಿಲ್ಲ ಕಾಕ. ನನಗೇ.”

ಕಾಕ ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ನಾನು ಯಾರಿಗೂ ಹೇಳುದಿಲ್ಲ ಮಾರಾಯ್ರೆ. ಆದ್ರೆ ಫ್ಲಾಟಲ್ಲಿ ಎರಡಕ್ಕಿಂತ ಹೆಚ್ಚು ಕಟ್ಟಬೇಡಿ, ವಾಸನೆ ಬರ್ತದೆ.”

೩

ಸಿತ್ರಾಕ್ಕೆ ಹೋಗುವ ನಮ್ಮ ಕಂಪನಿ ಬಸ್ಸು ಎ.ಸಿ. ಕಿಟಕಿ ತೆರೆಯುವುದಿಲ್ಲ. ನಾರಿನಂಶ ಹೊಟ್ಟೆಗೆ ಒಳ್ಳೆಯದೆಂದು ಬರೆದವರು ಯಾರೂ ಆ ಬಸ್ಸಿನಲ್ಲಿ ನನ್ನ ಪಕ್ಕ ಕೂತವರಲ್ಲ.

೪

ಉಳಿದ ಒಂದೇ ಭರವಸೆ ಅತ್ತೆ. ಉಡುಪಿ ಕಡೆಯವರು, ಜೀವಮಾನವಿಡೀ ಹಸು ಸಾಕಿದವರು. ತೌಡು ಯಾರು ತಿನ್ನಬೇಕಾದದ್ದು ಎಂದು ಮಗಳಿಗೆ ಅವರೇ ಹೇಳಬೇಕಿತ್ತು. ವಿಸಿಟ್ ವೀಸಾದಲ್ಲಿ ಬಂದ ಮರುದಿನ ಬೆಳಿಗ್ಗೆ ನನ್ನ ತಟ್ಟೆಯ ಕಂದು ಇಡ್ಲಿಯನ್ನು ಮುರಿದು ಮೂಸಿದರು.

“ಇದೆಂತ ಮಗಾ, ತೌಡಾ? ಅಳಿಯನಿಗೆ ತೌಡು ಹಾಕ್ತಿದ್ದೀಯಾ?”

“ಕೇಳಿ ಅತ್ತೆ, ಸರಿಯಾಗಿ ಕೇಳಿ,” ಎಂದೆ. ಬಿಳಿ ಇಡ್ಲಿಯ ಮೇಲೆ ಮನಸ್ಸಿನಲ್ಲೇ ಚಟ್ನಿ ಹಾಕಿಕೊಂಡಾಗಿತ್ತು.

ಅತ್ತೆ ನನ್ನ ಸುತ್ತ ಒಂದು ಸಲ ನಡೆದು ಬಂದರು. ಪಕ್ಕೆಲುಬು ಮುಟ್ಟಿ ನೋಡಿದರು.

“ಬರೀ ತೌಡು ಹಾಕಿದ್ರೆ ಮೈ ಹಿಡಿಯುದಿಲ್ಲ ಮಾರಾಯ್ತಿ, ಅದಕ್ಕೇ ಇವರು ಹೀಗೆ ಬಡಕಲಾದದ್ದು. ಸ್ವಲ್ಪ ನೆಲಕಡಲೆ ಹಿಂಡಿ ಸೇರಿಸು. ಅಕ್ಕಿ ತೊಳೆದ ಅಕ್ಕಚ್ಚು ಚೆಲ್ಲಬೇಡ. ಸಂಜೆ ಕೆಲಸದಿಂದ ಬಂದ ಕೂಡಲೇ ಬಾಲ್ದಿ ಮುಂದಿಡು.”